ಊಖೀಮಠದ ಹಿಮದ ದಾರಿಯಲ್ಲಿ

ಕೇದಾರನಾಥ ದೇವಾಲಯದ ಬಾಗಿಲು ದೀಪಾವಳಿಯ ತರುವಾಯ ಮುಚ್ಚುವುದೆಂಬುದೂ, ಚಳಿಗಾಲದ ಸುಮಾರು ಆರು ತಿಂಗಳು ಸ್ವಾಮಿಯ ಉತ್ಸವಮೂರ್ತಿಗೆ ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಪೂಜೆ ಸಲ್ಲುವುದೆಂಬುದೂ ನಮ್ಮ ಓದುಗ ಬಂಧುಗಳಿಗೆ ತಿಳಿದ ಸಂಗತಿಯೇ ಆಗಿದೆ. ಕೇದಾರದ ರಾವಲರು ಪರಂಪರಾಗತವಾಗಿ ದಕ್ಷಿಣದ ವೀರಶೈವ ಜಂಗಮರಾದುದರಿಂದ ಅಷ್ಟು ದೂರದ ಆ ಊರು ನಮ್ಮ ನಾಡಿನ ಭಕ್ತರಿಗೆ ಪರಕೀಯವೆನಿಸುವುದಿಲ್ಲ. ಮಹಾಶಿವರಾತ್ರಿಯ ದಿನ ಮುಂದಿನ ಯಾತ್ರೆಗೆ ಬಾಗಿಲು ತೆರೆಯುವ ಮುಹೂರ್ತವನ್ನು ಸಾರುವುದೂ ಅಲ್ಲಿಯೇ.

2019ರ ಶಿವರಾತ್ರಿಗೆ ನಾವು ಊಖೀಮಠದಲ್ಲಿದ್ದೆವು. ನಮ್ಮೊಡನೆ ತಮ್ಮನ ಮಗ, ಆತನ ಪತ್ನಿ ಹಾಗೂ ಅವರ ಒಂಬತ್ತು ವರ್ಷದ ಮಗಳು ಬಂದಿದ್ದರು. ಹರಿದ್ವಾರದಿಂದ ದೇವಪ್ರಯಾಗ, ರುದ್ರಪ್ರಯಾಗಗಳನ್ನು ದಾಟಿ, ಮಂದಾಕಿನಿಯ ದಂಡೆಗುಂಟ ಸಾಗಿ, ಕುಂಡದ ಸೇತುವೆಯಿಂದ ಮೇಲೇರಿದರೆ ಊಖೀಮಠ. ಕಣಿವೆಯ ಆಚೆ ಎದುರಿಗೇ ಗುಪ್ತಕಾಶಿ. ಶಿವರಾತ್ರಿಯ ಪೂಜೆ ನಿರ್ವಿಘ್ನವಾಗಿ ನೆರವೇರಿತು. ಮಾರನೆಯ ದಿನ ಹುಡುಗಿಗೆ ಹಿಮ ತೋರಿಸಬೇಕೆಂಬ ಆಸೆ ಮನೆಯವರಲ್ಲಿ ಹುಟ್ಟಿತು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, 2,600 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಚೋಪ್ತಾ ಇದೆ. ತುಂಗನಾಥಕ್ಕೆ ನಡೆದು ಏರುವ ದಾರಿ ಆರಂಭವಾಗುವುದು ಅಲ್ಲಿಂದಲೇ. ಆ ಊರಿನವರೇ ಆದ ಒಬ್ಬ ಮಧ್ಯವಯಸ್ಕ ಚಾಲಕರ ಜೀಪಿನಲ್ಲಿ ಹೊರಟೆವು.

ದುಗಲಬಿಟ್ಟಾ ಸಮೀಪಿಸುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಹಿಮ ಕಾಣತೊಡಗಿತು. ಒಂದು ಸಮತಟ್ಟಾದ ಜಾಗದಲ್ಲಿ ಚಾಲಕರು ಗಾಡಿ ನಿಲ್ಲಿಸಿ, ಹಿಂಬದಿಯಿಂದ ಗೋಣಿಚೀಲವೊಂದನ್ನು ಇಳಿಸಿದರು. ಅದರೊಳಗೆ ಕಬ್ಬಿಣದ ಸರಪಳಿಗಳಿದ್ದವು.

“ಅಜ್ಜಾ, ಗಾಡಿಗೆ ಸರಪಳಿ ಯಾಕ ಕಟ್ತಾರ?” ಎಂದು ಹುಡುಗಿ ಕೇಳಿದಳು.

ನಮಗೂ ಅದು ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಬದಲು ನಾವು ಚಾಲಕರಿಗೆ, “ಮುಂದೆ ಡಾಂಬರು ಕಪ್ಪಗೆ ಕಾಣುತ್ತಿದೆಯಲ್ಲ, ಹಿಮ ಬಂದ ಮೇಲೆ ಕಟ್ಟಿದರಾಯಿತು, ಹೊತ್ತು ಕಳೆಯುವುದು ಬೇಡ” ಎಂದೆವು. “ಗುರೂಜಿ, ಇಲ್ಲೇ ಕಟ್ಟುವುದು ಒಳ್ಳೆಯದು” ಎಂದು ಅವರು ಒಮ್ಮೆ ಹೇಳಿದರು. ನಾವು ಮತ್ತೆ ಒತ್ತಾಯಿಸಿದಾಗ ನಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಚೀಲವನ್ನು ಮತ್ತೆ ಒಳಗಿಟ್ಟರು.

ಎರಡು ಕಿಲೋಮೀಟರೂ ಹೋಗಿರಲಿಕ್ಕಿಲ್ಲ. ಮರಗಳ ದಟ್ಟ ನೆರಳು ಬಿದ್ದ ಒಂದು ಏರು ತಿರುವಿನಲ್ಲಿ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗತೊಡಗಿದವು. ಮರುಕ್ಷಣವೇ ಜೀಪು ಹಿಂದಕ್ಕೆ ಜಾರಿತು. ಚಾಲಕರು ಬ್ರೇಕು ಒತ್ತಿದ್ದರೂ ಗಾಡಿ ನಿಲ್ಲಲಿಲ್ಲ. ಎಡಕ್ಕೆ ಬೆಟ್ಟ, ಬಲಕ್ಕೆ ಆಳವಾದ ಕಣಿವೆ. ಅವರು ಸ್ಟೇರಿಂಗ್ ತಿರುಗಿಸಿ ಗಾಡಿಯ ಹಿಂಭಾಗವನ್ನು ಬೆಟ್ಟದ ಬದಿಯ ಹಿಮದ ರಾಶಿಗೆ ಒರಗಿಸಿದರು. ಗಾಡಿ ನಿಂತಿತು. ಹುಡುಗಿ ತಾಯಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ನಾವು ಕಪ್ಪು ಡಾಂಬರೆಂದು ಭಾವಿಸಿದ್ದುದು ಹೆಪ್ಪುಗಟ್ಟಿದ ನೀರಿನ ತೆಳು ಪದರವಾಗಿತ್ತು. ಗಢವಾಲದವರು ಇದನ್ನು ‘ಪಾಲಾ’ ಎನ್ನುತ್ತಾರೆ. ಹಗಲು ಕರಗಿ ಹರಿದ ಹಿಮದ ನೀರು ರಾತ್ರಿಯ ಚಳಿಗೆ ಗಾಜಿನಂತೆ ಗಟ್ಟಿಯಾಗುತ್ತದೆ, ಬಿಸಿಲು ತಾಗದ ತಿರುವುಗಳಲ್ಲಿ ಮಧ್ಯಾಹ್ನವಾದರೂ ಕರಗುವುದಿಲ್ಲ. ಬೆಳ್ಳಗಿನ ಹಿಮ ಕಣ್ಣಿಗೆ ಕಂಡು ಎಚ್ಚರಿಸುತ್ತದೆ. ಇದು ಕಾಣುವುದೇ ಇಲ್ಲವಾದುದರಿಂದ ಅದಕ್ಕಿಂತ ಅಪಾಯಕಾರಿ.

ಸಮತಟ್ಟಾದ ಜಾಗದಲ್ಲಿ ಹತ್ತು ನಿಮಿಷದಲ್ಲಿ ಮುಗಿಯಬಹುದಾಗಿದ್ದ ಕೆಲಸವನ್ನು ಚಾಲಕರು ಈಗ ಮಂಜುಗಡ್ಡೆಯ ಮೇಲೆ ಮಲಗಿ ಮಾಡಬೇಕಾಯಿತು. ಮೊದಲು ಗಾಲಿಗಳಿಗೆ ಕಲ್ಲು ಒತ್ತಿಟ್ಟರು. ಏಣಿಯನ್ನು ಹೋಲುವ ಸರಪಳಿಯನ್ನು ಹಾಸಿ, ಸಿಕ್ಕು ಬಿಡಿಸಿ, ಗಾಲಿಯ ಮೇಲೆ ಹೊದಿಸಿದರು. ಮೊದಲು ಒಳಬದಿಯ ಕೊಂಡಿ, ಬಳಿಕ ಹೊರಬದಿಯದು. ಸ್ವಲ್ಪ ದೂರ ಸಾಗಿದ ಮೇಲೆ ಮತ್ತೆ ಇಳಿದು, ಸಡಿಲಾದುದನ್ನು ಬಿಗಿಗೊಳಿಸಿದರು. ಬರಿಗೈಯಲ್ಲಿ ಕಬ್ಬಿಣ ಹಿಡಿದು ಅವರ ಬೆರಳುಗಳು ಕೆಂಪೇರಿದ್ದವು.

ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಿದವರೂ ಅವರೇ. ಚಳಿಗೆ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆಗ ಗಾಡಿಯ ಭಾರದಿಂದ ಕಬ್ಬಿಣದ ಕೊಂಡಿಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಒಂದೇ ಜೊತೆ ಸರಪಳಿಯಿದ್ದರೆ ಎಂಜಿನ್ನಿನ ಬಲ ಹೋಗುವ ಗಾಲಿಗಳಿಗೇ ಕಟ್ಟಬೇಕು. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅವು ಮುಂದಿನ ಗಾಲಿಗಳು, ಅವರ ಜೀಪಿನಲ್ಲಿ ಹಿಂದಿನವು. ನಾಲ್ಕಕ್ಕೂ ಕಟ್ಟಿದರೆ ಇನ್ನೂ ಲೇಸು. ಸರಪಳಿ ಟೈರಿನ ಅಳತೆಗೆ ಸರಿಹೊಂದಲೇಬೇಕು. ಕಟ್ಟಿದ ಮೇಲೆ ವೇಗ ಗಂಟೆಗೆ 50 ಕಿಲೋಮೀಟರ್ ಮೀರಬಾರದು. ನಮ್ಮ ಚಾಲಕರು 20 ದಾಟಲಿಲ್ಲ.

ಏರುವುದಕ್ಕಷ್ಟೇ ಸರಪಳಿ ಬೇಕೆಂದು ನಾವು ತಿಳಿದಿದ್ದೆವು. ಅದರ ಹೆಚ್ಚಿನ ಅಗತ್ಯ ಇಳಿಯುವಾಗ ಮತ್ತು ನಿಲ್ಲಿಸುವಾಗ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ಒಣ ಡಾಂಬರಿನಲ್ಲಿ ಬ್ರೇಕು ಹಿಡಿದ ಮೇಲೆ ಸುಮಾರು 5 ಮೀಟರಿನಲ್ಲಿ ನಿಂತರೆ, ಸಮತಟ್ಟಾದ ಮಂಜುಗಡ್ಡೆಯ ಮೇಲೆ ಸುಮಾರು 35 ಮೀಟರ್ ಜಾರುತ್ತದೆ. ಇಳಿಜಾರಿನಲ್ಲಿ ಮತ್ತೂ ಹೆಚ್ಚು. ನಾಲ್ಕೂ ಗಾಲಿಗೆ ಎಂಜಿನ್ ಬಲವಿರುವ ದುಬಾರಿ ಗಾಡಿ ಏರಲು ನೆರವಾದೀತೇ ಹೊರತು, ನಿಲ್ಲಿಸಲು ನೆರವಾಗದು. ಆದುದರಿಂದಲೇ ಬಲ್ಲವರು ಕೆಳಗಿನ ಗೇರಿನಲ್ಲಿಯೇ ಇಳಿಯುತ್ತಾರೆ, ಬ್ರೇಕನ್ನು ಥಟ್ಟನೆ ಒತ್ತುವುದಿಲ್ಲ.

ಈ ಉಪಾಯ ನೂರು ವರ್ಷಕ್ಕೂ ಹಳೆಯದು. ಕೆಸರಿನಲ್ಲಿಯೂ ಹಿಮದಲ್ಲಿಯೂ ಗಾಲಿಗೆ ಹಗ್ಗ ಸುತ್ತುತ್ತಿದ್ದವರನ್ನು ಕಂಡು ಅಮೇರಿಕದ ಹ್ಯಾರಿ ವೀಡ್ ಎಂಬವರು ಸರಪಳಿಯನ್ನು ರೂಪಿಸಿ 1904ರಲ್ಲಿ ಹಕ್ಕುಪತ್ರ ಪಡೆದರು. ಮಕ್ಕಳನ್ನು ಕಾಣಲು ಕ್ಯಾಲಿಫೋರ್ನಿಯಕ್ಕೆ ಹೋಗುವ ನಮ್ಮ ಹಿರಿಯರು ಚಳಿಗಾಲದಲ್ಲಿ ಟಾಹೋ ಸರೋವರದ ಕಡೆ ಹೊರಟರೆ, ಸರಪಳಿಯಿಲ್ಲದ ಗಾಡಿಯನ್ನು ಮುಂದೆ ಬಿಡದ ತಪಾಸಣೆಯನ್ನು ಕಂಡಾರು. ಅದನ್ನು ಕಿರುಕುಳವೆಂದು ಬಗೆಯಬಾರದು.

ಸರಪಳಿ ಕಟ್ಟಿದ ಮೇಲೆ ನಮ್ಮ ಜೀಪು ಇನ್ನೂ ಸ್ವಲ್ಪ ದೂರ ಸುಗಮವಾಗಿ ಏರಿತು. ಅಲ್ಲಿ ಹಿಮ ಗಾಡಿಯ ಹೊಟ್ಟೆಗೆ ತಾಗುವಷ್ಟು ಎತ್ತರವಿತ್ತು. ಚಾಲಕರು ನಿಲ್ಲಿಸಿ, “ಸರಪಳಿ ಇದೆ, ರೆಕ್ಕೆಯಿಲ್ಲ ಗುರೂಜಿ” ಎಂದರು. ಈ ಬಾರಿ ನಾವು ಎದುರಾಡಲಿಲ್ಲ. ಚೋಪ್ತಾ ನೋಡುವ ಯೋಗ ಅಂದು ಬರಲಿಲ್ಲ. ಹುಡುಗಿ ಅಲ್ಲಿಯೇ ಇಳಿದು ಎರಡೂ ಕೈಯಲ್ಲಿ ಹಿಮ ತುಂಬಿಕೊಂಡು ನಕ್ಕಳು. ನಮಗೆ ಅಷ್ಟೇ ಸಾಕೆನಿಸಿತು.

ಚಿಕ್ಕಂದಿನಲ್ಲಿ ಮಠದಲ್ಲಿ ಓದುತ್ತಿದ್ದಾಗ, ಮಳೆ ಬಿದ್ದ ಎರೆ ಹೊಲದ ದಾರಿಗೆ ಬಂಡಿ ಇಳಿಸಲು ಗಾಡಿಯವ ಒಪ್ಪದಿದ್ದರೆ ಹಿರಿಯ ಸ್ವಾಮಿಗಳೂ ಸುಮ್ಮನೆ ಕಾಯುತ್ತಿದ್ದರು. ಕಾಯಕ ಬಲ್ಲವನ ಮಾತು ಅಲ್ಲಿ ಹಿರಿದಾಗಿತ್ತು. ಅದನ್ನು ಕಣ್ಣಾರೆ ಕಂಡು ಬೆಳೆದ ನಾವೇ ಅರವತ್ತು ದಾಟಿದ ಮೇಲೆ ಮರೆತೆವು. ಹಿರಿಯರೆಂಬ ಗೌರವದಿಂದ ಕಿರಿಯರು ನಮ್ಮ ಮಾತಿಗೆ ತಲೆಬಾಗುತ್ತಾರೆ. ಆದುದರಿಂದಲೇ ಅರಿಯದ ವಿಷಯದಲ್ಲಿ ಆಡುವ ಮಾತಿಗೆ ನಾವು ಅಂಜಬೇಕು. ಚಳಿಗಾಲದಲ್ಲಿ ಆ ದಾರಿ ಹಿಡಿಯುವ ಭಕ್ತರು ಸ್ಥಳೀಯ ಚಾಲಕರನ್ನೇ ಕರೆದೊಯ್ಯಲಿ, ಸರಪಳಿ ಇದೆಯೇ ಎಂದು ಹೊರಡುವ ಮುನ್ನ ಕೇಳಲಿ, ಅವರು ಎಲ್ಲಿ ಕಟ್ಟುವೆನೆನ್ನುವರೋ ಅಲ್ಲಿ ಕಟ್ಟಲಿ, ಎಲ್ಲಿ ಹಿಂದಿರುಗೋಣ ಎನ್ನುವರೋ ಅಲ್ಲಿಂದ ಹಿಂದಿರುಗಲಿ.

ದುಗಲಬಿಟ್ಟಾದ ಕೆಳಗೆ ಬರಿಯ ಡಾಂಬರು ಬಂದೊಡನೆ ಚಾಲಕರು ಸರಪಳಿ ಬಿಚ್ಚಿದರು. ಹಿಮವಿಲ್ಲದ ರಸ್ತೆಯಲ್ಲಿ ಅದು ಟೈರನ್ನೂ ರಸ್ತೆಯನ್ನೂ ಕೆಡಿಸುತ್ತದಂತೆ. ತುಕ್ಕು ಹಿಡಿಯದಂತೆ ಒಂದೊಂದೇ ಕೊಂಡಿಯನ್ನು ಬಟ್ಟೆಯಿಂದ ಒರೆಸಿ ಚೀಲಕ್ಕೆ ತುಂಬಿದರು. ಚಹದ ಅಂಗಡಿಯಲ್ಲಿ ನಾವು ಅವರ ಎರಡೂ ಕೈ ಹಿಡಿದು, ತಪ್ಪಾಯಿತೆಂದು ಹೇಳಿದೆವು. ಅವರು ನಕ್ಕು, ಹುಡುಗಿಗೆ ಬಿಸಿ ಹಾಲು ತರಿಸಿದರು.