ಶಂಖ, ಚಕ್ರ, ಕೀಲಿಕೈ

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಮೂರನೆಯ ಗುಹೆಯಲ್ಲಿ ಶೇಷನ ಮೇಲೆ ಕುಳಿತ ಮೂರ್ತಿಯನ್ನು ಕಂಡು, "ಅಜ್ಜಾ, ಇಂವ ವಿಷ್ಣು ಅಂತ ಹೆಂಗ ಗೊತ್ತಾತು? ಹೆಸರು ಬರದಿಲ್ಲಲ್ಲ?" ಎಂದ. "ಕೈಯಾಗ ಶಂಖ, ಚಕ್ರ ಅದಾವ ನೋಡು, ಅದ ಹೆಸರು" ಎಂದೆ. ಚಾಲುಕ್ಯರ ಮಂಗಳೇಶ 578ರಲ್ಲಿ ಮಾಡಿಸಿದ ಗುಹೆ ಅದು. ಸೂರಿನಡಿಯ ಬಣ್ಣದ ಚಿತ್ರಗಳು ಮಾಸಿ, ಈಗ ತುಣುಕುಗಳಷ್ಟೇ ಉಳಿದಿವೆ.

ಅಲ್ಲಿಂದ ಬಂದ ಮೇಲೆ ಮಂಗಳೂರಿಗೆ ಹೊರಟೆವು. ಬ್ಯಾಂಕ್ ನೌಕರಿಯಲ್ಲಿದ್ದಾಗ ಅಲ್ಲಿ ಮೂರು ವರ್ಷ ಇದ್ದೆ. ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಕಾಲೇಜಿನ ಮುಂದೆ ದಿನವೂ ಓಡಾಡಿದರೂ ಅಲ್ಲಿನ ಪ್ರಾರ್ಥನಾಲಯದೊಳಗೆ ಕಾಲಿಟ್ಟಿರಲಿಲ್ಲ. ಕ್ರೈಸ್ತ ಗೆಳೆಯನೊಬ್ಬ ಎಷ್ಟೋ ಸಲ ಕರೆದಿದ್ದ. "ನನಗೇನು ತಿಳಿಯುತ್ತದೆ" ಎಂದು ಜಾರಿಕೊಂಡಿದ್ದೆ. ಅವನು ಈಗಿಲ್ಲ.

ಒಳಗೆ ಗೋಡೆ, ಛಾವಣಿ ಎಲ್ಲೆಲ್ಲೂ ಚಿತ್ರ! ಬರೆದವರು ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ. ಕಾಲ 1900ರ ಆಸುಪಾಸು. ಗೋಡೆಯವು ಫ್ರೆಸ್ಕೊ ಚಿತ್ರಗಳು. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು. ಆಗ ಬಣ್ಣ ಗೋಡೆಯಲ್ಲೇ ಬೆರೆತುಹೋಗುತ್ತದೆ. ಛಾವಣಿಯವು ಕ್ಯಾನ್ವಾಸ್ ಮೇಲಿನ ತೈಲಚಿತ್ರಗಳು. ಕರಾವಳಿಯ ತೇವಕ್ಕೆ ಹಾಳಾಗುತ್ತಿದ್ದ ಇವನ್ನು 1990ರ ದಶಕದಲ್ಲಿ ಇಂಟ್ಯಾಕ್ ತಜ್ಞರು ಉಳಿಸಿಕೊಟ್ಟರು.

ಛಾವಣಿಯ ನಡುವೆ ಸಂತ ಅಲೋಶಿಯಸನ ಜೀವನಕಥೆಯಿದೆ. ಶ್ರೀಮಂತ ಮನೆತನದ ಹಿರಿಯ ಮಗ, ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟು ಸನ್ಯಾಸಿಯಾದ. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ರೋಗ ತಗುಲಿ, 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡ.

ಮೊಮ್ಮಗನಿಗೆ ಬಾದಾಮಿಯ ಪಾಠವನ್ನೇ ಮುಂದುವರಿಸಿದೆ. ಕ್ರೈಸ್ತ ಚಿತ್ರಗಳಲ್ಲಿ ಕೀಲಿಕೈ ಹಿಡಿದವನು ಸ್ವರ್ಗದ ಬಾಗಿಲು ಕಾಯುವ ಪೇತ್ರ. ಖಡ್ಗ ಹಿಡಿದವನು ಪೌಲ. ಬಿಳಿಯ ಲಿಲ್ಲಿ ಹೂವು ಶುದ್ಧತೆಯ ಗುರುತು. ಕಾಲ ಬಳಿ ಬಿದ್ದ ಕಿರೀಟ ಅಲೋಶಿಯಸನ ತ್ಯಾಗದ ಗುರುತು.

ಹೇಳುತ್ತಿದ್ದಂತೆ ಗೆಳೆಯನ ಮನೆಯ ಹಳೆಯ ಪಟ ನೆನಪಾಯಿತು. ಯೇಸುವಿನ ಎದೆಯಲ್ಲಿ ಉರಿಯುವ ಹೃದಯ, ಸುತ್ತ ಮುಳ್ಳು. ಅದರ ಕೆಳಗೇ ಕುಳಿತು ಎಷ್ಟೋ ಸಲ ಊಟ ಮಾಡಿದ್ದೆ. ಏನೆಂದು ಒಮ್ಮೆಯೂ ಕೇಳಲಿಲ್ಲ. ಉರಿ ಅಂದರೆ ಪ್ರೀತಿ, ಮುಳ್ಳು ಅಂದರೆ ಆ ಪ್ರೀತಿಗಾಗಿ ಪಟ್ಟ ನೋವು. ಕೇಳಿದ್ದರೆ ಅವನೆಷ್ಟು ಸಂತೋಷದಿಂದ ಹೇಳುತ್ತಿದ್ದನೋ!

ಹಿಂದಿನ ಗೋಡೆಯಲ್ಲಿ ಯೇಸು ಮಕ್ಕಳ ನಡುವೆ ಇದ್ದಾನೆ. ಮೊಮ್ಮಗ ಅಲ್ಲಿ ಬಹಳ ಹೊತ್ತು ನಿಂತ. "ಇದನ್ನ ಹೇಳೂದು ಬ್ಯಾಡ ಅಜ್ಜಾ, ನನಗ ತಿಳೀತು" ಎಂದ.

ಮಕ್ಕಳೇ, ನೆರೆಮನೆಯ ಗೋಡೆಯ ಮೇಲೆ ಅರ್ಥವಾಗದ ಚಿತ್ರವಿದ್ದರೆ, ಅದೇನೆಂದು ಕೇಳಿ. ನನ್ನ ಹಾಗೆ ತಡಮಾಡಬೇಡಿ.