ಗೈರು

ಬೆಳಿಗ್ಗೆ ಎಂಟೂವರೆ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಎಚ್.ಡಿ. ಕೋಟೆ ಬಸ್ಸು ನಿಲ್ಲುತ್ತದೆ. ಆಕೆ ಇಳಿಯುತ್ತಾಳೆ, ಹಿಂದೆಯೇ ಅಣ್ಣ. ಕೈಯಲ್ಲಿ ಜವಳಿ ಅಂಗಡಿಯ ಕವರು. ಒಳಗೆ ಮದುವೆ ಫೋಟೊ, ಆಧಾರ್ ಜೆರಾಕ್ಸ್, ಲಾಯರಿಗೆ ಕೊಟ್ಟ ದುಡ್ಡು ಬರೆದಿಟ್ಟ ಕ್ಯಾಲೆಂಡರ್ ಹಾಳೆ. ಆಕೆಯ ಹೆಸರು ಬೇಡ. ಈ ಸುತ್ತಮುತ್ತಲಿನ ತಾಲ್ಲೂಕುಗಳ ಯಾವ ಕೋರ್ಟಿನ ಜಗಲಿಯಲ್ಲೂ ಇಂಥವರು ಕೂತಿರುತ್ತಾರೆ.

ನೀವೂ ಅವರ ಜೊತೆ ಪಿರಿಯಾಪಟ್ಟಣದ ಬಸ್ಸು ಹತ್ತಿ. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲ, ನಡುನಡುವೆ ಸೊಪ್ಪು ಹದಗೊಳಿಸುವ ಬ್ಯಾರನ್ನುಗಳು. ಗಂಡನ ಊರು ಇದೇ ದಾರಿಯಲ್ಲಿ. ಆ ನಿಲ್ದಾಣ ಬಂದಾಗ ಆಕೆ ಕವರಿನ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾಳೆ.

‘ನೀನು ಪ್ರತಿ ವಾಯಿದೆಗೂ ಬರೋದು ಬೇಡ ಕಣಮ್ಮ, ನಾನು ನೋಡ್ಕೋತೀನಿ’ ಅಂದಿದ್ದರಂತೆ ಲಾಯರು. ವಕಾಲತ್ತಿನ ಜೊತೆ ಎರಡು ಖಾಲಿ ಹಾಳೆಗೂ ಸಹಿ ಹಾಕಿಸಿಕೊಂಡಿದ್ದರು. ಗಂಡನಿಗೆ ಡೈವೋರ್ಸ್ ಸಿಕ್ಕಿ ನಾಲ್ಕು ತಿಂಗಳಾಯಿತೆಂದು ತಿಳಿದದ್ದು ನಾದಿನಿಯ ಬಾಯಿಂದ.

ಪಿರಿಯಾಪಟ್ಟಣದ ಕೋರ್ಟಿನ ನಕಲು ಶಾಖೆಯ ಕಿಟಕಿಯಲ್ಲಿ ಆರ್ಡರ್ ಶೀಟಿನ ದೃಢೀಕೃತ ಪ್ರತಿ ಕೈಗೆ ಬರುತ್ತದೆ. ಅಣ್ಣ ಬೆರಳಿಟ್ಟು ಓದುತ್ತಾನೆ. ಕೂಗಿಸಲಾಯಿತು. ಅರ್ಜಿದಾರರು ಹಾಜರು. ಎದುರುದಾರರು ಗೈರು. ವಕೀಲರೂ ಗೈರು. ತಕರಾರು ಸಲ್ಲಿಸಿಲ್ಲ. ಮುಂದಿನ ವಾಯಿದೆಗೂ ಅದೇ, ಅದರ ಮುಂದಿನದಕ್ಕೂ ಅದೇ. ನಾಲ್ಕನೆಯದರಲ್ಲಿ ಏಕಪಕ್ಷೀಯ ವಿಚಾರಣೆ. ಮಧ್ಯಂತರ ಜೀವನಾಂಶಕ್ಕೆ ಅರ್ಜಿ ಹಾಕಿದ್ದೀನಿ ಎಂದಿದ್ದರಲ್ಲ, ಅದು ಎಲ್ಲೂ ಇಲ್ಲ. ‘ಗೈರು ಅಂದ್ರೆ ನಾನೇನಾ ಅಣ್ಣ?’ ಎಂದು ಆಕೆ ಕೇಳುತ್ತಾಳೆ. ಅಣ್ಣ ಮಾತಾಡುವುದಿಲ್ಲ.

ಮಧ್ಯಾಹ್ನ ಹುಣಸೂರಿನಲ್ಲಿ ಇನ್ನೊಬ್ಬ ವಕೀಲರ ಆಫೀಸು. ಅವರು ಹಾಳೆಗಳನ್ನು ಎರಡು ಸಲ ತಿರುವಿ ಹಾಕುತ್ತಾರೆ.

‘ಮೈಸೂರಿನ ಗ್ರಾಹಕರ ಕೋರ್ಟಿಗೆ ಹೋಗಬಹುದಾ ಸಾರ್?’

ಇಲ್ಲ. ವಕೀಲರೂ ಗ್ರಾಹಕ ಕಾಯ್ದೆಯೊಳಗೆ ಬರುತ್ತಾರೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟು 2024ರ ಮೇ 14ರಂದು ಆ ಬಾಗಿಲು ಮುಚ್ಚಿತು. ಉಳಿದದ್ದು ಸಿವಿಲ್ ದಾವೆ. 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಕಲಂ ಪ್ರಕಾರ, ವಕೀಲನೆಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ವೀರಪ್ಪ–ಸಿಕ್ವೇರಾ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿ ಹೇಳಿದೆ. ಬೆಂಗಳೂರಿನ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಅದು ಸನ್ನದು ಅಮಾನತು ಮಾಡೀತು, ಆಕೆಯ ನಷ್ಟ ತುಂಬಿಕೊಡದು.

‘ಇವರು ಮಾಡಿದ್ದು ತಪ್ಪು ಅಂತ ಇನ್ನೊಬ್ಬ ಲಾಯರು ಬಂದು ಸಾಕ್ಷಿ ಹೇಳಬೇಕಾ?’ ಅಣ್ಣನ ಪ್ರಶ್ನೆ.

ಅಮೆರಿಕದ ನ್ಯೂಜೆರ್ಸಿಯಲ್ಲಾದರೆ ಹೆಚ್ಚುಕಡಿಮೆ ಹಾಗೆಯೇ. 1995ರ ಅಲ್ಲಿನ ಕಾನೂನಿನಂತೆ, ಎದುರಾಳಿ ಉತ್ತರ ಕೊಟ್ಟ 60 ದಿನದೊಳಗೆ ಆ ವೃತ್ತಿಯ ಬೇರೊಬ್ಬರ ಪ್ರಮಾಣಪತ್ರ ಹಾಜರುಪಡಿಸಬೇಕು. ನಮ್ಮಲ್ಲಿ ದೇಶದ ಕಾನೂನು ಜಡ್ಜರಿಗೇ ಗೊತ್ತಿರುತ್ತದೆ. ತಜ್ಞರ ಮಾತು ಬೇಕಾಗುವುದು ವಿದೇಶಿ ಕಾನೂನು, ವಿಜ್ಞಾನ, ಕೈಬರಹ, ಬೆರಳಚ್ಚಿನಂಥ ವಿಷಯಕ್ಕೆ. ಕೂಗಿದಾಗ ವಕೀಲರು ಬರಲಿಲ್ಲ ಎನ್ನುವುದಕ್ಕೆ ಆರ್ಡರ್ ಶೀಟೇ ಸಾಕ್ಷಿ. ಖಾಲಿ ಹಾಳೆಯ ವಿಷಯವೇ ಕಷ್ಟ. ಸಹಿ ಆಕೆಯದೇ ಎಂದು ಕೈಬರಹ ತಜ್ಞ ಹೇಳಬಲ್ಲ. ಸಹಿ ಹಾಕುವ ಹೊತ್ತಿಗೆ ಹಾಳೆ ಖಾಲಿ ಇತ್ತೆಂದು ಸಹಿ ನೋಡಿ ಹೇಳಲಾರ.

‘ಇನ್ನೂ ಒಂದಿದೆಯಮ್ಮ. ಅವರು ಬಂದಿದ್ರೆ ನಿನಗೆ ಏನು ಸಿಗ್ತಿತ್ತು ಅಂತ ನೀನೇ ತೋರಿಸ್ಬೇಕು. ಡಿಕ್ರಿ ಆದ ಮೇಲೂ ಹಿಂದೂ ವಿವಾಹ ಕಾಯ್ದೆ 25ನೇ ಕಲಮಲ್ಲಿ ಜೀವನಾಂಶ ಕೇಳಬಹುದು, ಹಾಗಾದ್ರೆ ನಷ್ಟ ಎಲ್ಲಿ ಅಂತ ಅವರು ಕೇಳ್ತಾರೆ.’ ಕೈತಪ್ಪಿದ ಮಧ್ಯಂತರ ಜೀವನಾಂಶದ ಲೆಕ್ಕವನ್ನು ಈ ವಕೀಲರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಮೊದಲು ಡಿಕ್ರಿ ರದ್ದು ಮಾಡಿಸುವ ಅರ್ಜಿ. 30 ದಿನದ ಗಡುವು ಮೀರಿದೆ, ವಿಳಂಬ ಮನ್ನಿಸಿ ಎಂದು ಬೇಡಬೇಕು. ವಕೀಲನ ತಪ್ಪಿಗೆ ಕಕ್ಷಿದಾರ ನರಳಬಾರದೆಂದು ಸುಪ್ರೀಂ ಕೋರ್ಟು 1981ರಲ್ಲೇ ಹೇಳಿದೆ.

‘ನೀವೇ ನಡೆಸಿಕೊಡಿ ಸಾರ್.’

ಅವರು ಹಾಳೆ ಜೋಡಿಸುತ್ತಾರೆ. ‘ರದ್ದತಿ ಅರ್ಜಿ ಹಾಕ್ತೀನಿ. ದಾವೆ ಬೇಡ. ನಾಳೆ ಅದೇ ಬಾರಲ್ಲಿ ಅವರ ಮುಖ ನೋಡ್ಬೇಕಲ್ಲ.’

ನನಗೆ ನೋವಾಗುವುದು ಇಲ್ಲೇ. ಕಾನೂನು ಕೇಳದ ತಜ್ಞ ಆಕೆಗೆ ಬೇಕಿಲ್ಲ. ಆರ್ಡರ್ ಶೀಟು ಹಿಡಿದು ಸಹೋದ್ಯೋಗಿಯ ಎದುರು ನಿಲ್ಲುವ ಒಬ್ಬ ವಕೀಲ ಬೇಕು. ಮಹಿಳೆಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾಯ್ದೆಯಲ್ಲಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಇಂಥ ಪ್ರಕರಣಕ್ಕೆ ಪಕ್ಕದ ತಾಲ್ಲೂಕಿನವರನ್ನೇ ನೇಮಿಸಬೇಕು.

ನಾಲ್ಕು ಗಂಟೆ. ಕೆ.ಆರ್. ನಗರದ ಬಸ್ಸು ಹೊರಡುತ್ತದೆ, ಅಲ್ಲೊಬ್ಬರು ಇದ್ದಾರಂತೆ. ಆಕೆ ಕ್ಯಾಲೆಂಡರ್ ಹಾಳೆ ತೆಗೆದು, ವಾಯಿದೆಯ ನಾಲ್ಕು ದಿನಗಳ ಎದುರಿಗೆ ಒಂದೊಂದು ಗೀಟು ಎಳೆಯುತ್ತಾಳೆ. ‘ಈ ನಾಲ್ಕು ದಿನವೂ ನಾನು ಕೋಟೆ ಮನೇಲೇ ಇದ್ದೆ ಅಣ್ಣ. ಒಂದು ಫೋನ್ ಮಾಡಿದ್ರೆ ಬರ್ತಿದ್ದೆ.’