ಬಾಣಂತಿ ಕೋಣೆಗೊಂದು ಅಲಾರಂ

ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದ ಡಿಸೆಂಬರಿನಲ್ಲಿ ದುಬೈಯಿಂದ ಬಂದ ನನ್ನ ತಮ್ಮ ಖರ್ಜೂರ, ಬಾದಾಮಿ, ಮಗುವಿನ ಕಂಬಳಿಯ ಜೊತೆಗೆ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ತಂದಿದ್ದ. "ಇದು ನಿಮ್ಮ ಚಿಲ್ಲಾ ಕೋಣೆಗೆ, ಆಪಾ" ಎಂದ. ಅದು ಕಾರ್ಬನ್ ಮಾನಾಕ್ಸೈಡ್ ಅಲಾರಂ.

"ಬಾಣಂತಿ ಕೋಣೆಗೂ ಗಂಟೆ ಕಟ್ಟುವ ಕಾಲ ಬಂತೇ?" ಎಂದು ನನ್ನ ಅತ್ತೆ ನಕ್ಕರು. ತಮ್ಮನಿಗೆ ನಗು ಬರಲಿಲ್ಲ. ಅವನು ಅಲ್ಲಿ ಹಾಯಿದೋಣಿಗಳ ಎಂಜಿನ್ ಮತ್ತು ವೈರಿಂಗ್ ಕೆಲಸ ಮಾಡುವವನು. ಆ ದೋಣಿಯ ಒಳಗಿನ ಕೋಣೆ ನಮ್ಮ ಉಗ್ರಾಣದಷ್ಟೇ ಇರುತ್ತದಂತೆ. ಅಷ್ಟರಲ್ಲೇ ಗ್ಯಾಸ್ ಒಲೆ, ಅಷ್ಟರಲ್ಲೇ ಮಲಗುವ ಹಲಗೆ, ಹಲಗೆಯ ಕೆಳಗೋ ಪಕ್ಕದಲ್ಲೋ ಎಂಜಿನ್. ಚಳಿಯೆಂದೋ ಅಲೆಯ ನೀರು ಬರುತ್ತದೆಂದೋ ಬಾಗಿಲು ಮುಚ್ಚಿ ಮಲಗುತ್ತಾರೆ. ಗಾಳಿ ಹಿಂದಿನಿಂದ ಬೀಸಿದರೆ ಎಂಜಿನ್ನಿನ ಹೊಗೆ ಹೊರಗೆ ಹೋದದ್ದೂ ತಿರುಗಿ ಒಳಗೇ ಬರುತ್ತದೆ. ಆದ್ದರಿಂದ ತಿಳಿದವರು ತಲೆದಿಂಬಿನ ಹತ್ತಿರವೇ ಒಂದು ಅಲಾರಂ ಇಡುತ್ತಾರೆ. "ನಿಮ್ಮ ಬಾಣಂತಿ ಕೋಣೆಗೂ ದೋಣಿಯ ಕೋಣೆಗೂ ಏನು ವ್ಯತ್ಯಾಸ ಹೇಳಿ, ಅಮ್ಮಾ" ಎಂದು ಅವನು ಅತ್ತೆಯನ್ನೇ ಕೇಳಿದ.

ಅವನ ಮಾತು ಸುಳ್ಳಲ್ಲ. ಚಿಕ್ಕಮಗಳೂರಿನ ಚಳಿ. ಕಿಟಕಿಗೆ ದಪ್ಪ ಪರದೆ, ಬಾಗಿಲ ಸಂದಿಗೆ ಬಟ್ಟೆ. ಮಂಚದ ಕೆಳಗೆ ಅಂಗೀಠಿಯಲ್ಲಿ ಕೆಂಡ. ಅದರ ಮೇಲೆ ಸಂಜೆ ಲೋಬಾನ. ನಮ್ಮ ಅಮ್ಮಂದಿರು ಹೀಗೆಯೇ 40 ದಿನ ಕಳೆದರು. ಆದರೆ ಅವರ ಮನೆಗಳಿಗೆ ಹೆಂಚಿನ ಮಾಡು ಇತ್ತು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ನಮ್ಮದು ಆರ್‌ಸಿಸಿ ಮನೆ. ಮುಚ್ಚಿದರೆ ಡಬ್ಬಿ ಮುಚ್ಚಿದ ಹಾಗೆ.

ಹಿರಿಯರ ನಂಬಿಕೆಯೇನೆಂದರೆ ಹೊಗೆ ಅಡಗಿ ಕೆಂಡ ನಿಗಿನಿಗಿ ಎಂದ ಮೇಲೆ ಅದನ್ನು ಒಳಗೆ ತಂದರೆ ಅಪಾಯವಿಲ್ಲ. ಅಪಾಯ ಇರುವುದೇ ಅಲ್ಲಿ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ, ನಾವಾಗಿಯೇ ಬಾಗಿಲು ತೆರೆಯುತ್ತೇವೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಗ್ಯಾಸಿಗೂ ತನ್ನದೇ ವಾಸನೆಯಿಲ್ಲ. ನಮಗೆ ತಿಳಿಯಲೆಂದು ಕಂಪೆನಿಯವರೇ ನಾತದ ವಸ್ತುವೊಂದನ್ನು ಸೇರಿಸಿರುತ್ತಾರೆ. ಕೆಂಡದ ವಿಷಕ್ಕೆ ವಾಸನೆ ಸೇರಿಸುವವರು ಯಾರು? ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಂತಿ, ಕೈಕಾಲು ಸೋತ ಹಾಗೆ. ಇವನ್ನು ಹೆರಿಗೆಯ ಸುಸ್ತೆಂದು ಯಾರೂ ಹೇಳಿಬಿಡಬಹುದು.

ಮಲಗುವ ಮುನ್ನ ಬೆಂಕಿ, ದೀಪಗಳನ್ನು ಆರಿಸಬೇಕೆಂದು ಪ್ರವಾದಿ(ಸ) ಕಲಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮದೀನಾದಲ್ಲಿ ರಾತ್ರಿ ಹೊತ್ತು ಮನೆಯೊಂದು ಸುಟ್ಟುಹೋದಾಗ, ಬೆಂಕಿ ನಿಮ್ಮ ಶತ್ರು, ಅದನ್ನು ಆರಿಸಿಯೇ ಮಲಗಿ ಎಂದು ಎಚ್ಚರಿಸಿದ್ದರು. ನಾನು ಇದನ್ನು ಹೇಳಿದಾಗ ಅತ್ತೆ ಸುಮ್ಮನಾದರು. ಆದರೆ ಒಪ್ಪಿದರು ಎನ್ನಲಾರೆ. "ಕೆಂಡ ಬೆಂಕಿಯಲ್ಲವಲ್ಲ" ಎಂಬ ಗೊಣಗಾಟ ಅಡುಗೆಮನೆಯಿಂದ ಕೇಳಿಸಿತು.

ಈ ವಿಷಯದಲ್ಲಿ ನಾನು ಹಟ ಹಿಡಿಯಲು ಬೇರೊಂದು ಕಾರಣವಿತ್ತು. ನಮ್ಮ ಬಂಧುಗಳ ಹುಡುಗಿಯೊಬ್ಬಳು ನಿಕಾಹ್ ಆದ ಎರಡನೇ ತಿಂಗಳಿನಲ್ಲಿ ಸ್ನಾನದ ಮನೆಯಲ್ಲಿ ಬಿದ್ದಿದ್ದಳು. ಬಾಗಿಲು ಮುರಿದು ಹೊರತರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಮಯ್ಯಿತ್‌ನ ಮುಂದೆಯೇ ಜನ ಪಿಸುಗುಟ್ಟಿದರು. ಒಬ್ಬರು ಜಿನ್ನ್ ಎಂದರು, ಒಬ್ಬರು ಅತ್ತೆಮನೆಯವರ ಮೇಲೆ ಬೆರಳು ತೋರಿಸಿದರು, ಇನ್ನೊಬ್ಬರು ಆ ಹುಡುಗಿಯ ನಡತೆಯ ಬಗ್ಗೆಯೇ ಆಡಿದರು. ಪೋಸ್ಟ್‌ಮಾರ್ಟಮ್ ವರದಿ ಬಂದಾಗ ತಿಳಿಯಿತು, ಕಾರ್ಬನ್ ಮಾನಾಕ್ಸೈಡ್. ಗ್ಯಾಸ್ ಗೀಸರ್ ಸ್ನಾನದ ಮನೆಯೊಳಗೇ ಇತ್ತು. ಹೊಗೆ ಹೊರಹೋಗುವ ಕೊಳವೆ ಇರಲಿಲ್ಲ. ಇದ್ದೊಂದು ಗವಾಕ್ಷಿಯನ್ನು ಪಕ್ಕದ ತಾರಸಿಯಿಂದ ಕಾಣುತ್ತದೆಂದು ರಟ್ಟಿನಿಂದ ಮುಚ್ಚಿದ್ದರು. ಸಣ್ಣ ಕೋಣೆಯಲ್ಲಿ ಗೀಸರಿನ ಜ್ವಾಲೆ ಆಮ್ಲಜನಕವನ್ನು ತಿಂದು ಮುಗಿಸುತ್ತಾ ಬಂದಂತೆ ಗ್ಯಾಸು ಅರೆಬರೆ ಉರಿದು ಈ ವಿಷವಾಗುತ್ತದೆ. ಆಡಿದ ಮಾತುಗಳನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಮರೆ ಬೇಕು, ನಿಜ. ಓರೆಪಟ್ಟಿಗಳಿರುವ ಗವಾಕ್ಷಿ ಮರೆಯನ್ನೂ ಕೊಡುತ್ತದೆ, ಗಾಳಿಯನ್ನೂ ಬಿಡುತ್ತದೆ. ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಕಡೆ ಇಡಿಸಿದರೆ ಇನ್ನೂ ಒಳ್ಳೆಯದು.

ತಮ್ಮ ತಂದ ಅಲಾರಂ ಒಂದೇ. ಮನೆಗೆ ಇನ್ನೂ ಎರಡು ಬೇಕೆಂದು ನಾನು ಪೇಟೆಗೆ ಹೋದೆ. ಅಂಗಡಿಯವರು "ಗ್ಯಾಸ್ ಅಲಾರಂ ತಾನೇ?" ಎಂದು ಕೊಟ್ಟದ್ದು ಎಲ್‌ಪಿಜಿ ಸೋರಿಕೆಯದ್ದು. ಮೂರೂ ಬೇರೆ ಬೇರೆ, ಸಹೋದರಿಯರೇ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ ಇರಬೇಕು. ಹೊಗೆ ಮೇಲೇರುತ್ತದೆ, ಹಾಗಾಗಿ ಹೊಗೆಯ ಅಲಾರಂ ಸೂರಿಗೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ಎಲ್ಲೆಡೆ ಬೆರೆಯುತ್ತದೆ. ಮಲಗುವ ಕೋಣೆಯಲ್ಲಾದರೆ ಮಲಗಿದವರ ಉಸಿರಿನ ಎತ್ತರದಲ್ಲಿ ಇಟ್ಟರೆ ಸರಿ. ಕೆಂಡದ ಕೋಣೆಯಲ್ಲಿ ಹೊಗೆಯ ಅಲಾರಂ ಇಟ್ಟು ನೆಮ್ಮದಿಯಿಂದ ಮಲಗಿದರೆ, ಅದು ಬೆಳಗಿನವರೆಗೂ ಬಾಯಿ ಬಿಡದೆ ಇದ್ದೀತು.

ಡಬ್ಬಿಯ ಹಿಂದೆ ಇ.ಎನ್. 50291 ಎಂಬ ಯುರೋಪಿನ ಗುರುತನ್ನೋ ಯು.ಎಲ್. 2034 ಎಂಬ ಅಮೆರಿಕದ ಗುರುತನ್ನೋ ನೋಡಿ ಕೊಳ್ಳಿ. ಮೊದಲನೆಯದರಲ್ಲಿ ಭಾಗ 1 ಮನೆಗಳಿಗೆ, ಭಾಗ 2 ದೋಣಿ ಮತ್ತು ವಾಸದ ವಾಹನಗಳಿಗೆ. ಅಲುಗಾಟ ತಾಳುವಂತೆ ಪರೀಕ್ಷೆಯಾದದ್ದು ಅದು. ಈ ಲೆಕ್ಕದ ಅಲಾರಂ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ವಿಷ 50 ಭಾಗವಿದ್ದರೆ 60ರಿಂದ 90 ನಿಮಿಷದಲ್ಲಿ, 100 ಇದ್ದರೆ 10ರಿಂದ 40 ನಿಮಿಷದಲ್ಲಿ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಹೊಗೆಯ ಅಲಾರಮ್ಮಿನಲ್ಲಿ ಬೆಳಕಿನಿಂದ ಕೆಲಸ ಮಾಡುವ ಫೋಟೋಎಲೆಕ್ಟ್ರಿಕ್ ಬಗೆಯನ್ನೇ ನಾನು ಆರಿಸಿದೆ. ಹಾಸಿಗೆ, ಸೋಫಾ ಒಳಗೊಳಗೆ ಕನಲುವುದನ್ನು ಅದು ಬೇಗ ಹಿಡಿಯುತ್ತದೆ. ಅಡುಗೆಮನೆಯೊಳಗೆ ಇಡಲಿಲ್ಲ. ನಮ್ಮ ಮನೆಯ ಒಗ್ಗರಣೆಗೆ ದಿನಕ್ಕೆ ಮೂರು ಬಾರಿ ಅದು ಅಜಾನ್ ಕೊಟ್ಟಂತೆ ಕೂಗಿದರೆ, ನಾಲ್ಕನೇ ದಿನ ಯಾರಾದರೂ ಬ್ಯಾಟರಿ ಕಿತ್ತಿರುತ್ತಾರೆ. ಹಜಾರದ ಸೂರಿಗೆ ಹಾಕಿದೆವು. ಸ್ನಾನದ ಮನೆಯ ಒಳಗೂ ಬೇಡ. ಹಬೆಗೆ ಕೆಡುತ್ತದೆ.

ಚಿಲ್ಲಾದ ಮೂರನೇ ರಾತ್ರಿ ಅದು ಕೂಗಿತು. ಹಗಲಿಡೀ ಕಂಬಳಿ ಹೊದ್ದರೂ ಮೊಮ್ಮಗಳ ಕಾಲು ತಣ್ಣಗಿದೆಯೆಂದು, ನಾನು ಇಶಾ ನಮಾಝಿನಲ್ಲಿದ್ದಾಗ ಅತ್ತೆ ಅಂಗೀಠಿಯನ್ನು ಒಳಗಿಟ್ಟಿದ್ದರು. ಅರ್ಧ ಗಂಟೆಯೂ ಆಗಿರಲಿಲ್ಲ. ಮಗಳು ಮಗುವನ್ನೆತ್ತಿಕೊಂಡು ಹೊರಬಂದಳು. "ಕೆಟ್ಟಿದೆ ಈ ಡಬ್ಬಿ, ಹೊಗೆಯೇ ಇಲ್ಲ" ಎಂದ ಅತ್ತೆ ಅದನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅದು ಸುಮ್ಮನಾಯಿತು. ಕೋಣೆಗೆ ತಂದರು, ಪುನಃ ಕೂಗಿತು. ಎರಡು ಸಲ ಹೀಗೆ ಪರೀಕ್ಷಿಸಿದ ಮೇಲೆ ಅಂಗೀಠಿಯನ್ನು ಅವರೇ ಹೊರಗೆ ಕೊಂಡೊಯ್ದು ನೀರು ಹಾಕಿದರು. ಯಾರೂ ಏನೂ ಅನ್ನಲಿಲ್ಲ. ಮರುದಿನದಿಂದ ಲೋಬಾನ ಅಂಗಳದಲ್ಲಿ, ಕೋಣೆಗೆ ಬಿಸಿನೀರಿನ ಚೀಲ. ಚಿಲ್ಲಾ ಮುಗಿಯುವವರೆಗೆ ಪ್ರತಿ ಶುಕ್ರವಾರ ಅಲಾರಮ್ಮಿನ ಗುಂಡಿ ಒತ್ತಿ ನೋಡುತ್ತಿದ್ದವರು ಅವರೇ.

ಗುಂಡಿ ಒತ್ತಿದರೆ ಸದ್ದು ಬಂತೆಂದು ಅದು ಶಾಶ್ವತವಲ್ಲ. ಒಳಗಿನ ಸೆನ್ಸರಿಗೆ 5ರಿಂದ 10 ವರ್ಷದ ಆಯುಸ್ಸು. ಕೊನೆಯ ತಾರೀಖು ಹಿಂದೆ ಅಚ್ಚಾಗಿರುತ್ತದೆ.

ಅಲಾರಂ ಕೂಗಿದರೆ ಆರಿಸಿ ಮಲಗಬೇಡಿ. ಬಾಗಿಲು ತೆರೆದು ಎಲ್ಲರೂ ಹೊರಬನ್ನಿ. ಯಾರಿಗಾದರೂ ತಲೆಸುತ್ತು, ವಾಂತಿಯಿದ್ದರೆ ಆಸ್ಪತ್ರೆಗೆ ಹೋಗಿ, ಕೆಂಡ ಅಥವಾ ಗೀಸರ್ ಇತ್ತೆಂದು ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೆ ಈ ವಿಷ ಹಿಡಿದ ರಕ್ತಕ್ಕೂ ಆಮ್ಲಜನಕ ತುಂಬಿದ ರಕ್ತಕ್ಕೂ ಭೇದ ತಿಳಿಯದು, 98 ಎಂದೇ ತೋರಿಸೀತು. ಬಸುರಿಯಾಗಿದ್ದರೆ ಆಕೆಗೆ ಏನೂ ಅನ್ನಿಸದಿದ್ದರೂ ಹೋಗಲೇಬೇಕು. ಹೊಟ್ಟೆಯ ಕೂಸಿನ ರಕ್ತದಿಂದ ಇದು ಬಿಟ್ಟುಹೋಗಲು ತಾಯಿಗಿಂತ ಹೆಚ್ಚು ಹೊತ್ತು ಬೇಕು.